ಗಣಕದ ಉಗ್ರಾಣ: ಜಾಗದ ಕೊರತೆಯ ಚರಿತ್ರೆ



ಪ್ರಾಜೆಕ್ಟ್ ವರದಿಯನ್ನು ಒಪ್ಪಿಸಬೇಕಾದ ಹಿಂದಿನ ರಾತ್ರಿ ನಿಮ್ಮ ಲ್ಯಾಪ್‌ಟಾಪ್ ಕಂಪ್ಯೂಟರಿನ ತೆರೆಯ ಮೇಲೆ ‘ಡಿಸ್ಕಿನಲ್ಲಿ ಸ್ಥಳ ಸಾಲದು’ ಎಂಬ ಸೂಚನೆ ಮೂಡಿತೆನ್ನಿ. ಆಗ ನೀವೇನು ಮಾಡುತ್ತೀರಿ? ಬಹುಮಂದಿ ಮಾಡುವುದು ಒಂದೇ ಕೆಲಸ. ಕಣ್ಣಿಗೆ ಬಿದ್ದ ನಾಲ್ಕಾರು ಫೈಲುಗಳನ್ನು ಅಳಿಸಿ, ಸದ್ಯಕ್ಕೆ ಗಂಡಾಂತರ ಕಳೆಯಿತೆಂದು ಮುಂದೆ ಸಾಗುತ್ತಾರೆ. ಅಳಿಸಿದ್ದರಲ್ಲಿ ಬೇಕಾದದ್ದೂ ಇತ್ತೆಂಬುದು ತಿಳಿಯುವುದು ಪರೀಕ್ಷೆ ಹತ್ತಿರವಾದಾಗಲೇ.

ಈ ತೊಂದರೆ ನಿಮ್ಮೊಬ್ಬರದಲ್ಲ, ಹೊಸದೂ ಅಲ್ಲ. ಬರೆದಿಡುವ ವಿದ್ಯೆ ಎಷ್ಟು ಹಳೆಯದೋ, ಬರೆದಿಡಲು ಜಾಗ ಸಾಲದೆಂಬ ಕೊರಗೂ ಅಷ್ಟೇ ಹಳೆಯದು. ಈ ಕೊರತೆಯನ್ನು ನೀಗಿಕೊಳ್ಳಲು ಜನರು ನಾಲ್ಕು ದಾರಿಗಳನ್ನು ಹಿಡಿದಿದ್ದಾರೆ: ಅಳಿಸುವುದು, ಮೊಟಕುಗೊಳಿಸುವುದು, ಬೇರೆಡೆಗೆ ಸಾಗಿಸುವುದು, ಅಡಕಗೊಳಿಸುವುದು. ಒಂದೊಂದು ದಾರಿಗೂ ತೆರಬೇಕಾದ ಬೆಲೆಯೊಂದಿದೆ. ಆ ಬೆಲೆ ಎಂಥದೆಂಬುದನ್ನು ಚರಿತ್ರೆಯಿಂದ ತಿಳಿದುಕೊಳ್ಳುವುದೇ ಈ ಲೇಖನದ ಉದ್ದೇಶ.

ಅಳಿಸಿ ಬರೆಯುತ್ತಿದ್ದ ಕಡತ

ಕಂಪ್ಯೂಟರಿನ ‘ಫೈಲ್’ ಎಂಬುದಕ್ಕೆ ಕನ್ನಡದಲ್ಲಿ ನಾವು ‘ಕಡತ’ ಎನ್ನುತ್ತೇವೆ. ಈ ಮಾತಿನ ಹಿಂದಿನ ವಸ್ತು ಯಾವುದೆಂದು ಬಲ್ಲಿರಾ? ಹಿಂದಿನ ಕಾಲದ ಕಡತವೆಂದರೆ ಉದ್ದನೆಯ ಬಟ್ಟೆಯ ಪಟ್ಟಿ. ಹುಣಿಸೆ ಬೀಜದ ಅಂಟಿನಲ್ಲಿ ಇದ್ದಿಲಿನ ಪುಡಿಯನ್ನು ಕಲಸಿ ಅದಕ್ಕೆ ಬಳಿಯುತ್ತಿದ್ದರು. ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಶ್ಯಾನುಭೋಗರ ಲೆಕ್ಕ, ವರ್ತಕರ ಖಾತೆ, ಮಠಗಳ ದಾಖಲೆಗಳು ಇದರಲ್ಲಿರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಅಮೂಲ್ಯ ಆಕರಗಳಾಗಿವೆ.

ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತಮ್ಮ ದಕ್ಷಿಣ ಭಾರತದ ಚರಿತ್ರೆಯಲ್ಲಿ ಈ ಕಡತವನ್ನು ವರ್ಣಿಸಿದ್ದಾರೆ. ಬರೆದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದೆಂಬುದು ಅದರ ವಿಶೇಷ. ಬಟ್ಟೆಯೂ ಉಳಿಯಿತು, ಜಾಗವೂ ದೊರೆಯಿತು. ಆದರೆ ಒರೆಸಿದ ಲೆಕ್ಕ ಮತ್ತೆ ಬಾರದು. ಮುಂದೆ ಕಾಂತೀಯ ಟೇಪು, ಡಿಸ್ಕುಗಳು ಬಂದಾಗ ಅವುಗಳ ದೊಡ್ಡ ಗುಣವೂ ಇದೇ ಆಯಿತು, ದೊಡ್ಡ ಅಪಾಯವೂ ಇದೇ ಆಯಿತು.

ಎರಡು ಅಂಕೆಗಳ ಉಳಿತಾಯ

ಕಂಪ್ಯೂಟರಿಗಿಂತ ಮೊದಲು ಲೆಕ್ಕಪತ್ರದ ಯಂತ್ರಗಳು ರಂಧ್ರಗಳುಳ್ಳ ಕಾರ್ಡುಗಳನ್ನು ಬಳಸುತ್ತಿದ್ದವು. ಅಮೆರಿಕದ 1890ರ ಜನಗಣತಿಗೆ ಹರ್ಮನ್ ಹಾಲರಿತ್ ಅವರ ಕಾರ್ಡು ಯಂತ್ರಗಳನ್ನೇ ಉಪಯೋಗಿಸಲಾಯಿತು. ಐಬಿಎಂ ಕಂಪನಿ 1928ರಲ್ಲಿ ತಂದ ಕಾರ್ಡಿನಲ್ಲಿ 80 ಕಾಲಮುಗಳಿದ್ದವು. ಒಂದು ಕಾಲಮಿನಲ್ಲಿ ಒಂದು ಅಕ್ಷರ ಅಥವಾ ಅಂಕೆ. ಒಬ್ಬ ಗಿರಾಕಿಯ ಹೆಸರು, ವಿಳಾಸ, ಬಾಕಿ, ತಾರೀಖು ಎಲ್ಲವೂ ಈ 80 ಮನೆಗಳಲ್ಲೇ ಹಿಡಿಯಬೇಕಾಗಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಂದಿನ ಲೆಕ್ಕಿಗರು ಅಕ್ಷರಶಃ ಪಾಲಿಸಿದರು. 1965 ಎಂದು ಬರೆಯುವ ಬದಲು 65 ಎಂದು ಬರೆದರೆ ಪ್ರತಿ ತಾರೀಖಿಗೂ ಎರಡು ಮನೆಗಳು ಉಳಿಯುತ್ತವೆ. ಒಂದು ಕಾರ್ಡಿನಲ್ಲಿ ಎರಡು ಅಲ್ಪವೆನಿಸಬಹುದು. ಲಕ್ಷಾಂತರ ದಾಖಲೆಗಳಿದ್ದಲ್ಲಿ ಅದು ಅಲ್ಪವಲ್ಲ. ಕಾರ್ಡು ಹೋಗಿ ಟೇಪು, ಡಿಸ್ಕು ಬಂದ ಮೇಲೂ ಈ ರೂಢಿ ಮುಂದುವರಿಯಿತು.

ಇದನ್ನು ಮೂರ್ಖತನವೆಂದು ನಗುವ ಮುನ್ನ ಅಂದಿನ ಬೆಲೆಯನ್ನು ನೋಡಬೇಕು. ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಒಳಗೊಂಡ ಕಂಪ್ಯೂಟರನ್ನು ಐಬಿಎಂ 1956ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ‘ರಾಮ್ಯಾಕ್’ ಎಂಬುದು ಅದರ ಹೆಸರು. ಎರಡು ಅಡಿ ವ್ಯಾಸದ 50 ತಟ್ಟೆಗಳು ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಈ ಡಿಸ್ಕು ಘಟಕದ ತೂಕವೇ ಸುಮಾರು ಒಂದು ಟನ್ನು. ಇಷ್ಟು ದೊಡ್ಡ ಯಂತ್ರ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದಿನ ಲೆಕ್ಕದಲ್ಲಿ ಸುಮಾರು 3.75 ಮೆಗಾಬೈಟು. ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ ಕೆಲವೊಮ್ಮೆ ಇದರಲ್ಲಿ ಹಿಡಿಸಲಾರದು! ಇಂಥ ವ್ಯವಸ್ಥೆಗೆ ತಿಂಗಳ ಬಾಡಿಗೆ 3,200 ಡಾಲರ್. ಒಂದೊಂದು ಅಕ್ಷರಕ್ಕೂ ಬಾಡಿಗೆ ಕೊಡುವ ಕಾಲದಲ್ಲಿ ಎರಡಂಕೆ ಉಳಿಸುವುದು ಜಾಣತನವೇ ಆಗಿತ್ತು.

ತೊಡಕು ಬಂದದ್ದು ಜಾಗದ ಕೊರತೆ ಕಳೆದ ಮೇಲೂ ರೂಢಿ ಉಳಿದುಕೊಂಡದ್ದರಿಂದ. 2000ನೆಯ ಇಸವಿ ಸಮೀಪಿಸಿದಾಗ ‘00’ ಎಂದರೆ 1900ವೋ 2000ವೋ ಯಂತ್ರಕ್ಕೆ ತಿಳಿಯದಾಯಿತು. ವಯಸ್ಸು, ಬಡ್ಡಿ, ಪಿಂಚಣಿ ಇವೆಲ್ಲವೂ ತಪ್ಪುವ ಭಯ ಹುಟ್ಟಿತು. ಹಳೆಯ ಪ್ರೋಗ್ರಾಮುಗಳನ್ನು ಸಾಲು ಸಾಲಾಗಿ ಪರಿಶೀಲಿಸಿ ತಿದ್ದಲು ಜಗತ್ತು ಸಾವಿರಾರು ಕೋಟಿ ಡಾಲರುಗಳನ್ನು ವ್ಯಯಿಸಿತು. ಬೆಂಗಳೂರೂ ಸೇರಿದಂತೆ ನಮ್ಮ ನಗರಗಳ ಸಾಫ್ಟ್‌ವೇರ್ ಸಂಸ್ಥೆಗಳಿಗೆ 1990ರ ದಶಕದ ಕೊನೆಯಲ್ಲಿ ದೊರೆತ ಕೆಲಸದಲ್ಲಿ ಇದರ ಪಾಲು ದೊಡ್ಡದು. ಮೊಟಕುಗೊಳಿಸಿ ಉಳಿಸಿದ ಜಾಗದ ಸಾಲವನ್ನು ಮುಂದಿನ ತಲೆಮಾರು ಬಡ್ಡಿಸಹಿತ ತೀರಿಸಿತು.

ಬೇರೆಡೆಗೆ ಸಾಗಿಸುವುದು

ಮನೆಯ ಅಟ್ಟ ತುಂಬಿದಾಗ ಸಾಮಾನನ್ನು ಬೇರೆಡೆಗೆ ಸಾಗಿಸುತ್ತೇವಲ್ಲವೇ? ಕಂಪ್ಯೂಟರಿನಲ್ಲೂ ಹಾಗೆಯೇ. 1962ರಲ್ಲಿ ಐಬಿಎಂ ಕಳಚಿ ತೆಗೆಯಬಹುದಾದ ಡಿಸ್ಕುಗಳ ಕಟ್ಟನ್ನು ತಂದಿತು. ಒಂದು ಕಟ್ಟು ತುಂಬಿದರೆ ಅದನ್ನು ಬೀರುವಿನಲ್ಲಿಟ್ಟು ಇನ್ನೊಂದನ್ನು ಹಾಕಬಹುದಾಗಿತ್ತು. 1971ರಲ್ಲಿ 8 ಅಂಗುಲದ ಫ್ಲಾಪಿ, 1976ರಲ್ಲಿ ಐದೂಕಾಲು ಅಂಗುಲದ್ದು, 1981ರಲ್ಲಿ ಸೋನಿ ಕಂಪನಿಯ ಮೂರೂವರೆ ಅಂಗುಲದ್ದು ಬಂದವು. 1985ರಲ್ಲಿ ತೋಷಿಬಾ ಕಂಪನಿ ತಂದ ಟಿ1100 ಎಂಬ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಅದರ ಉಗ್ರಾಣವೆಲ್ಲ ಫ್ಲಾಪಿಗಳಲ್ಲಿ.

ಆದರೆ ಸಾಗಿಸಿದ ವಸ್ತುವನ್ನು ಮರಳಿ ಓದಬೇಕಾದರೆ ಅದಕ್ಕೆ ತಕ್ಕ ಯಂತ್ರ ಬೇಕು. ಇದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆಯನ್ನು ನೋಡಿ. ಅಲ್ಲಿನ ರಾಜ ವಿಲಿಯಂ 1086ರಲ್ಲಿ ತನ್ನ ರಾಜ್ಯದ ಜಮೀನು, ದನಕರುಗಳ ಲೆಕ್ಕವನ್ನು ಬರೆಸಿದ. ‘ಡೂಮ್ಸ್‌ಡೇ ಬುಕ್’ ಎಂಬ ಆ ದಾಖಲೆ ಚರ್ಮದ ಹಾಳೆಗಳ ಮೇಲಿದೆ. ಅದಕ್ಕೆ 900 ವರ್ಷ ತುಂಬಿದ ನೆನಪಿಗೆ ಬಿಬಿಸಿ 1986ರಲ್ಲಿ ಹೊಸದೊಂದು ಸಮೀಕ್ಷೆಯನ್ನು ಪ್ರಕಟಿಸಿತು. ದೇಶದ ಶಾಲಾ ಮಕ್ಕಳು ತಮ್ಮ ಊರುಗಳ ವಿವರ, ಚಿತ್ರಗಳನ್ನು ಕಳುಹಿಸಿದರು. ಇದೆಲ್ಲವನ್ನೂ ಅಂದಿನ ಕಂಪ್ಯೂಟರಿನಲ್ಲಿ ಹಿಡಿಸಲಾಗದೆ ವಿಶೇಷ ಲೇಸರ್ ಡಿಸ್ಕುಗಳಲ್ಲಿ ತುಂಬಲಾಯಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕುಗಳನ್ನು ಓದಬಲ್ಲ ಯಂತ್ರಗಳು ಅಪರೂಪವಾದವು. 2002ರ ಸುಮಾರಿಗೆ ಸಂಶೋಧಕರು ಶ್ರಮಪಟ್ಟು ಆ ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ಪ್ರೋಗ್ರಾಮು ರಚಿಸಿ ಅದನ್ನು ಓದುವಂತೆ ಮಾಡಬೇಕಾಯಿತು. ಒಂಬೈನೂರು ವರ್ಷದ ಚರ್ಮದ ಹಾಳೆಯನ್ನಾದರೋ ಭಾಷೆ ಬಲ್ಲವರು ಬರಿಗಣ್ಣಿನಿಂದಲೇ ಓದಬಹುದು.

ನಿಮ್ಮ ಮನೆಯಲ್ಲಿ ಹಳೆಯ ಫ್ಲಾಪಿ, ಸಿ.ಡಿ.ಗಳಿದ್ದರೆ ಇದೇ ಪ್ರಶ್ನೆ ನಿಮ್ಮದೂ ಹೌದು. ಸಾಗಿಸಿದ್ದನ್ನು ಕೆಲವು ವರ್ಷಗಳಿಗೊಮ್ಮೆ ಹೊಸ ಮಾಧ್ಯಮಕ್ಕೆ ನಕಲು ಮಾಡದಿದ್ದರೆ ಅದು ಇದ್ದೂ ಇಲ್ಲದಂತೆ.

ಅಡಕಗೊಳಿಸುವ ವಿದ್ಯೆ

ನಾಲ್ಕನೆಯ ದಾರಿ ಬುದ್ಧಿವಂತಿಕೆಯದು. ಅದರ ಕಥೆಯಲ್ಲಿ ಒಬ್ಬ ವಿದ್ಯಾರ್ಥಿಯಿದ್ದಾನೆ. ಅಮೆರಿಕದ ಎಂ.ಐ.ಟಿ.ಯಲ್ಲಿ 1951ರಲ್ಲಿ ಪ್ರೊಫೆಸರ್ ರಾಬರ್ಟ್ ಫಾನೊ ತಮ್ಮ ತರಗತಿಗೆ ಒಂದು ಆಯ್ಕೆ ಕೊಟ್ಟರು: ವರ್ಷಾಂತ್ಯದ ಪರೀಕ್ಷೆ ಬರೆಯಿರಿ, ಇಲ್ಲವೇ ಒಂದು ಸಮಸ್ಯೆಯನ್ನು ಕುರಿತು ಪ್ರಬಂಧ ಬರೆಯಿರಿ. ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ಪ್ರಬಂಧವನ್ನು ಆರಿಸಿಕೊಂಡ. ಅಕ್ಷರಗಳಿಗೆ ಅತ್ಯಂತ ಕಡಿಮೆ ಜಾಗದ ಸಂಕೇತಗಳನ್ನು ಕೊಡುವುದು ಹೇಗೆ ಎಂಬುದು ಸಮಸ್ಯೆ. ಸ್ವತಃ ಫಾನೊ ಅವರಿಗೂ ಅದರ ಪೂರ್ಣ ಉತ್ತರ ಸಿಕ್ಕಿರಲಿಲ್ಲ. ತಿಂಗಳುಗಟ್ಟಲೆ ಹೆಣಗಿ, ಇನ್ನು ಪರೀಕ್ಷೆಗೇ ಓದುವುದೆಂದು ಕೈಬಿಡುವ ಹೊತ್ತಿಗೆ ಹಫ್‌ಮನ್‌ಗೆ ಉತ್ತರ ಹೊಳೆಯಿತು. 1952ರಲ್ಲಿ ಅದು ಪ್ರಕಟವಾಯಿತು.

ಅದರ ತತ್ತ್ವ ಸರಳ: ಪದೇ ಪದೇ ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. 1977ರಲ್ಲಿ ಇಸ್ರೇಲಿನ ಅಬ್ರಹಾಂ ಲೆಂಪೆಲ್ ಮತ್ತು ಯಾಕೋಬ್ ಝಿವ್ ಇನ್ನೊಂದು ಉಪಾಯವನ್ನು ಪ್ರಕಟಿಸಿದರು. ಒಮ್ಮೆ ಬಂದ ಪದ ಮತ್ತೆ ಬಂದಾಗ ಅದನ್ನು ಪುನಃ ಬರೆಯದೆ ‘ಹಿಂದೆ ಇಂಥ ಕಡೆ ಇದೆ, ನೋಡಿ’ ಎಂದು ಸೂಚಿಸಿದರೆ ಸಾಕು. ನೀವು ಬಳಸುವ ‘ಜಿಪ್’ ಫೈಲುಗಳಲ್ಲಿ ಈ ಎರಡು ಉಪಾಯಗಳೂ ಸೇರಿವೆ. ಬಿಚ್ಚಿದಾಗ ಒಂದಕ್ಷರವೂ ನಷ್ಟವಾಗದೆ ಮೂಲ ಮರಳಿ ಬರುತ್ತದೆ.

ಚಿತ್ರಗಳಿಗೆ ಇಷ್ಟೇ ಸಾಲದು. ಇಲ್ಲಿ ನಮ್ಮ ಬೆಂಗಳೂರಿನವರೊಬ್ಬರು ಬರುತ್ತಾರೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದ ನಾಸಿರ್ ಅಹಮದ್ ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ಹೋದರು. ಚಿತ್ರವನ್ನು ಗಣಿತದ ಕೊಸೈನ್ ಅಲೆಗಳ ಮೊತ್ತವಾಗಿ ಒಡೆದರೆ ಕಡಿಮೆ ಜಾಗದಲ್ಲಿ ಹಿಡಿಸಬಹುದೆಂಬ ಯೋಚನೆ ಅವರಿಗೆ ಬಂತು. 1972ರಲ್ಲಿ ಈ ಸಂಶೋಧನೆಗೆ ಅವರು ಕೇಳಿದ ಸರಕಾರಿ ಅನುದಾನ ದೊರೆಯಲಿಲ್ಲ. ಆದರೂ ಕೆಲಸ ಬಿಡದೆ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. 1992ರಲ್ಲಿ ರೂಪುಗೊಂಡ ‘ಜೆಪೆಗ್’ ಚಿತ್ರಪದ್ಧತಿಗೆ ಇದೇ ತಳಹದಿ. ದೂರದರ್ಶನದ ಡಿಜಿಟಲ್ ಪ್ರಸಾರದಲ್ಲಿಯೂ, ನೀವು ನೋಡುವ ವಿಡಿಯೋಗಳಲ್ಲಿಯೂ ಈ ಗಣಿತ ಕೆಲಸ ಮಾಡುತ್ತಿದೆ.

ಇದಕ್ಕೂ ಬೆಲೆಯಿದೆ. ಜೆಪೆಗ್ ಪದ್ಧತಿಯಲ್ಲಿ ಕಣ್ಣಿಗೆ ಎದ್ದು ಕಾಣದ ಸೂಕ್ಷ್ಮ ವಿವರಗಳನ್ನು ಕೈಬಿಡಲಾಗುತ್ತದೆ, ಕೈಬಿಟ್ಟದ್ದು ಮರಳುವುದಿಲ್ಲ. ಇನ್ನೊಂದು ಮಾತು. ಒಮ್ಮೆ ಅಡಕವಾದದ್ದು ಮತ್ತೆ ಅಡಕವಾಗದು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ಎಷ್ಟು ನೀರು ಬಂದೀತು? ಫೋಟೋ, ವಿಡಿಯೋಗಳನ್ನು ಜಿಪ್ ಮಾಡಿ ಜಾಗ ಉಳಿಸಹೊರಟವರಿಗೆ ನಿರಾಶೆಯಾಗುವುದು ಇದರಿಂದಲೇ.

ಡಿಸ್ಕು ದೊಡ್ಡದಾದರೆ ಕೊರತೆ ತೀರಿತೇ?

1988ರಲ್ಲಿ ಲ್ಯಾಪ್‌ಟಾಪಿಗೆ ಒಪ್ಪುವ ಎರಡೂವರೆ ಅಂಗುಲದ ಹಾರ್ಡ್ ಡಿಸ್ಕು ಬಂತು. ಸಾಮರ್ಥ್ಯ 20 ಮೆಗಾಬೈಟು. ಅದೇ ವರ್ಷ ಫ್ರಾನ್ಸಿನ ಆಲ್ಬರ್ಟ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಪ್ರತ್ಯೇಕವಾಗಿ ಒಂದು ಕಾಂತೀಯ ವಿದ್ಯಮಾನವನ್ನು ಕಂಡುಹಿಡಿದರು. ಅದರಿಂದ ಡಿಸ್ಕಿನ ಅತಿ ಚಿಕ್ಕ ಕಾಂತೀಯ ಗುರುತುಗಳನ್ನೂ ಓದುವುದು ಸಾಧ್ಯವಾಯಿತು. ಇದಕ್ಕಾಗಿ 2007ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು. ಅದೇ ವರ್ಷ ಹಿಟಾಚಿ ಕಂಪನಿ ಒಂದು ಟೆರಾಬೈಟಿನ, ಅಂದರೆ ಹತ್ತು ಲಕ್ಷ ಮೆಗಾಬೈಟಿನ ಡಿಸ್ಕನ್ನು ಮಾರುಕಟ್ಟೆಗೆ ತಂದಿತು.

ಇನ್ನೇನು, ಕೊರತೆ ತೀರಿತೆಂದು ತೋರಿದಾಗ ಲ್ಯಾಪ್‌ಟಾಪಿನ ದಾರಿ ಬದಲಾಯಿತು. ತಿರುಗುವ ತಟ್ಟೆಯ ಬದಲು ಫ್ಲಾಶ್ ಸ್ಮೃತಿಯ ಚಿಪ್ಪುಗಳು ಬಂದವು. ಅವು ವೇಗದವು, ಬಿದ್ದರೂ ಬೇಗ ಕೆಡವು, ಆದರೆ ದುಬಾರಿ. 2008ರ ಜನವರಿಯಲ್ಲಿ ಬಂದ ಆ್ಯಪಲ್ ಕಂಪನಿಯ ‘ಮ್ಯಾಕ್‌ಬುಕ್ ಏರ್’ ಲ್ಯಾಪ್‌ಟಾಪಿನಲ್ಲಿ 80 ಗಿಗಾಬೈಟಿನ ತಿರುಗುವ ಡಿಸ್ಕು ಇತ್ತು. ಹೆಚ್ಚು ಹಣ ಕೊಟ್ಟವರಿಗೆ 64 ಗಿಗಾಬೈಟಿನ ಫ್ಲಾಶ್ ಉಗ್ರಾಣ ದೊರೆಯುತ್ತಿತ್ತು. ಹೆಚ್ಚು ಬೆಲೆಗೆ ಕಡಿಮೆ ಜಾಗ! 2021ರಲ್ಲಿ ಬಂದ ವಿಂಡೋಸ್ 11 ತಾನು ನೆಲೆಗೊಳ್ಳಲು ಕನಿಷ್ಠ ಅಷ್ಟೇ, 64 ಗಿಗಾಬೈಟಿನ ಉಗ್ರಾಣವಿರಬೇಕೆಂದು ಕೇಳಿತು. ಇದು 1988ರ ಆ ಡಿಸ್ಕಿನ 3,200 ಪಟ್ಟು. ಕಣಜ ದೊಡ್ಡದಾದಂತೆ ತುಂಬುವವರೂ ಹೆಚ್ಚುತ್ತಾರೆಂಬುದು ಇದರಿಂದ ಸ್ಪಷ್ಟ.

ಚಂದ್ರನ ಟೇಪುಗಳು

ಜಾಗಕ್ಕಾಗಿ ಅಳಿಸುವಾಗ ಎಂಥದು ಕೈತಪ್ಪಬಹುದೆಂಬುದಕ್ಕೆ ಒಂದು ನಿದರ್ಶನವಿದೆ. 1969ರ ಜುಲೈನಲ್ಲಿ ಮಾನವ ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಟೆಲಿವಿಷನ್ ಸಂಕೇತಗಳನ್ನು ಭೂಮಿಯ ಕೇಂದ್ರಗಳಲ್ಲಿ ಕಾಂತೀಯ ಟೇಪುಗಳ ಮೇಲೆ ಮುದ್ರಿಸಿಕೊಳ್ಳಲಾಯಿತು. ಮನೆಮನೆಗಳಲ್ಲಿ ಜನ ನೋಡಿದ್ದು ಪ್ರಸಾರಕ್ಕಾಗಿ ರೂಪಾಂತರಿಸಿದ, ಕೊಂಚ ಮಸುಕಾದ ಚಿತ್ರ. ಮೂಲ ಟೇಪಿನ ಸಂಕೇತ ಅದಕ್ಕಿಂತ ಸ್ಪಷ್ಟವಾಗಿತ್ತು. ದಶಕಗಳ ಮೇಲೆ ಆ ಮೂಲಗಳನ್ನು ಹುಡುಕಲಾಯಿತು. 2009ರಲ್ಲಿ ನಾಸಾ ಪ್ರಕಟಿಸಿದ ವರದಿಯ ತೀರ್ಮಾನವೇನು ಗೊತ್ತೇ? ಬಹುಮಟ್ಟಿಗೆ ಅವನ್ನು ಅಳಿಸಿ ಬೇರೆ ಉಪಗ್ರಹಗಳ ಮಾಹಿತಿಗಾಗಿ ಮರುಬಳಸಲಾಗಿತ್ತು. ಟೇಪುಗಳಿಗೆ ಕೊರತೆಯಿತ್ತು, ಅಳಿಸಿದವರು ಕೆಟ್ಟವರಲ್ಲ, ಅಂದಿನ ಕೆಲಸ ಸಾಗಿಸಿದರು. ಪುಣ್ಯವಶಾತ್ ಪ್ರಸಾರದ ಪ್ರತಿಗಳು ಉಳಿದಿದ್ದವು. ಆದರೆ ಚಂದ್ರನಿಂದ ಬಂದ ಆ ಚಿತ್ರದ ಮೂಲಸಂಕೇತ ನಮಗೆ ದೊರೆಯದೆ ಹೋಯಿತು.

ನಿಮ್ಮ ಉಗ್ರಾಣದಲ್ಲಿ

ಈಗ ನಿಮ್ಮ ಲ್ಯಾಪ್‌ಟಾಪಿಗೆ ಬರೋಣ. ಮೊದಲು ಅಳತೆ. 256 ಗಿಗಾಬೈಟು ಎಂದು ಕೊಂಡದ್ದು ವಿಂಡೋಸಿನಲ್ಲಿ 238 ಎಂದು ಕಂಡರೆ ಮೋಸವೆಂದು ತಿಳಿಯಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ.

ಎರಡನೆಯದು, ಡಿಸ್ಕನ್ನು ಕಂಠಪೂರ್ತಿ ತುಂಬಬಾರದು. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕಿಳಿದ ‘ಅಟ್ಲಾಸ್’ ಕಂಪ್ಯೂಟರು, ಒಳಗಿನ ಸ್ಮೃತಿ ಸಾಲದಾದಾಗ ಹೊರಗಿನ ಕಾಂತೀಯ ಪೀಪಾಯಿಯನ್ನೇ ಸ್ಮೃತಿಯ ಮುಂದುವರಿಕೆಯಾಗಿ ಬಳಸುವ ಉಪಾಯ ಹೂಡಿತು. ನಿಮ್ಮ ಲ್ಯಾಪ್‌ಟಾಪೂ ಅದನ್ನೇ ಮಾಡುತ್ತದೆ. ಡಿಸ್ಕಿನಲ್ಲಿ ಖಾಲಿ ಜಾಗವಿಲ್ಲದಿದ್ದರೆ ಕೆಲಸ ನಿಧಾನವಾಗುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು, ಜಾಗ ತಿನ್ನುವುದು ಯಾವುದೆಂದು ಗಾತ್ರದ ಪ್ರಕಾರ ನೋಡಿ. ಯೂನಿಕೋಡಿನ ಬಳಕೆಯ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿ ಒತ್ತಿನ ಗುರುತೂ ಸೇರಿ 5 ಸಂಕೇತಗಳಿವೆ; ಒಟ್ಟು 15 ಬೈಟು. ಮೂರು ಲಕ್ಷ ಸಂಕೇತಗಳ ಇಡೀ ಕಾದಂಬರಿಯೊಂದನ್ನು ಬರೆದರೂ ಒಂದು ಮೆಗಾಬೈಟು ತುಂಬದು. ನೀವು ಬೆರಳಚ್ಚು ಮಾಡಿದ ಟಿಪ್ಪಣಿಗಳನ್ನು ಅಳಿಸಿದರೆ ದೊರೆಯುವ ಜಾಗ ಏನೇನೂ ಅಲ್ಲ. ಜಾಗ ಹಿಡಿದಿರುವುದು ವಿಡಿಯೋಗಳು, ಎರಡೆರಡು ಸಲ ಇಳಿಸಿಕೊಂಡ ಫೈಲುಗಳು, ಬಳಸದ ಪ್ರೋಗ್ರಾಮುಗಳು, ಯಂತ್ರವೇ ಮಾಡಿಟ್ಟ ತಾತ್ಕಾಲಿಕ ಫೈಲುಗಳು. ಈ ತಾತ್ಕಾಲಿಕ ಫೈಲುಗಳನ್ನು ಯಂತ್ರದೊಡನೆ ಬಂದಿರುವ ಶುಚಿಗೊಳಿಸುವ ಸೌಲಭ್ಯದಿಂದಲೇ ತೆಗೆಯಿರಿ. ಹೆಸರು ಅರ್ಥವಾಗದ ವ್ಯವಸ್ಥೆಯ ಫೈಲುಗಳಿಗೆ ಕೈಹಾಕಬೇಡಿ. ಕಸದ ಬುಟ್ಟಿಗೆ ಹಾಕಿದ್ದು ಬುಟ್ಟಿಯನ್ನು ಬರಿದು ಮಾಡುವವರೆಗೆ ಜಾಗ ಬಿಡುವುದಿಲ್ಲವೆಂಬುದೂ ನೆನಪಿರಲಿ.

ಬೇಕಾದ ದೊಡ್ಡ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸುವುದಾದರೆ ಒಂದೇ ಕಡೆ ಇಟ್ಟು ನಿಶ್ಚಿಂತರಾಗಬೇಡಿ; ಎರಡು ಕಡೆ ಇಡಿ. ಸಾಗಿಸಿದ ಪ್ರತಿಯನ್ನು ತೆರೆದು ನೋಡಿದ ಮೇಲೆಯೇ ಮೂಲವನ್ನು ಅಳಿಸಿ.

ಕೊನೆಯದಾಗಿ, ಅಳಿಸುವ ಗುಂಡಿ ಒತ್ತುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದು ಬೇರೆಲ್ಲಿಯಾದರೂ ಮತ್ತೆ ಸಿಗುವುದೇ? ಇದನ್ನು ಮಾಡಿದವನು ಅಥವಾ ಮಾಡಿದವಳು ನಾನೇ? ಇದರ ಇನ್ನೊಂದು ಪ್ರತಿ ಇದೆಯೇ? ಮತ್ತೆ ಸಿಗುವ ಸಿನಿಮಾವನ್ನು ಧಾರಾಳವಾಗಿ ಅಳಿಸಿರಿ. ಅಜ್ಜಿ ಹೇಳಿದ ಹಾಡನ್ನು ನೀವು ಮುದ್ರಿಸಿಕೊಂಡ ಧ್ವನಿ, ನೀವೇ ಬರೆದ ಪ್ರಬಂಧ ಇವು ಮತ್ತೆಲ್ಲಿಯೂ ಸಿಗುವುದಿಲ್ಲ. ಅವು ಹಿಡಿಯುವ ಜಾಗ ಸ್ವಲ್ಪವೇ; ಅದನ್ನು ಅವಕ್ಕೇ ಬಿಟ್ಟುಕೊಡಿ.